ನಲವತ್ತು ಜಾಗ, ತಿಂಗಳಿಗೊಮ್ಮೆ: ಅಘನಾಶಿನಿ ದಂಡೆಯಲ್ಲಿ ನನ್ನ ಅನುಭವ

ಹೋದ ಡಿಸೆಂಬರಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಎರಡು ದಿನ ಕೂತು ನನ್ನ ಆರೂ ನೋಟ್‌ಬುಕ್ ಓದಿದರು. 2018ರಲ್ಲಿ ಹೊಳೆ ದಂಡೆಯ ಗಿಡಗಳನ್ನು ಬರೆದಿಡುವ ಈ ಕೆಲಸಕ್ಕೆ ನಾನು ಇಳಿದಾಗ "ಇದರಲ್ಲಿ ಏನೂ ಸಿಗುವುದಿಲ್ಲ" ಅಂದವರಲ್ಲಿ ಅವರೂ ಒಬ್ಬರು. ಹೊರಡುವಾಗ ಮೂರನೇ ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆದುಕೊಂಡರು. ಇನ್ನು ಬರೆಯಬಹುದು ಅಂತ ನನಗೆ ಧೈರ್ಯ ಬಂದದ್ದು ಆಗ.

ನಾನು ಮಾಡಿದ್ದು ಇಷ್ಟೇ. ಉಂಚಳ್ಳಿ ಜಲಪಾತಕ್ಕಿಂತ ಮೇಲೆ, ಸಿದ್ದಾಪುರದ ಕಡೆ, ಸುಮಾರು ಆರು ಕಿಲೋಮೀಟರ್ ಹೊಳೆ ಆರಿಸಿಕೊಂಡೆ. ಅದರಲ್ಲಿ ನಲವತ್ತು ಜಾಗ ಗುರುತು ಮಾಡಿದೆ. ಪ್ರತಿ ತಿಂಗಳೂ ಅದೇ ನಲವತ್ತು ಜಾಗಕ್ಕೆ ಹೋದೆ. ಜೂನ್, ಜುಲೈ, ಆಗಸ್ಟ್ ಕೂಡ. ಎಲ್ಲರೂ ಹೇಳುತ್ತಿದ್ದದ್ದು ಬೇರೆ: ಮಾರ್ಚಿನಲ್ಲಿ ಎರಡು ವಾರ ಬಾ, ಕ್ವಾಡ್ರಾಟ್ ಹಾಕು (ಅಳತೆಯ ಚೌಕ ಗುರುತಿಸಿ ಅದರೊಳಗಿನ ಗಿಡ ಎಣಿಸು), ಪಟ್ಟಿ ಮಾಡು, ಮುಗೀತು. ಮಳೆಗಾಲದಲ್ಲಿ ಹೊಳೆ ಹತ್ತಿರ ಹೋಗಿ ಏನು ನೋಡ್ತೀಯಾ, ಕೆಂಪು ನೀರಾ?

ಈ ಹೊಳೆಯನ್ನೇ ಆರಿಸಲು ಕಾರಣ ಇದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಪಕ್ಕದ ಶರಾವತಿಯಲ್ಲಿ 1964ರಿಂದ ಲಿಂಗನಮಕ್ಕಿ ಇದೆ. ಅಲ್ಲಿ ಕೆಳಗಿನ ನೀರು ಏರಿ ಇಳಿಯುವುದು ಮಳೆ ನೋಡಿ ಅಲ್ಲ, ಕರೆಂಟಿನ ಬೇಡಿಕೆ ನೋಡಿ. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನುವುದನ್ನು ನಂಬಿಯೇ ದಂಡೆಯ ಗಿಡಗಳು ಬದುಕುತ್ತವೆ. ಆ ಲೆಕ್ಕ ಕೆಡದೇ ಇರುವ ಹೊಳೆ ನಮ್ಮ ಕಡೆ ಉಳಿದದ್ದೇ ಕಡಿಮೆ.

ಮೊದಲ ವರ್ಷ ಪೂರ್ತಿ ಸೋಲು. ಜಾಗದ ಗುರುತಿಗೆ ಬಂಡೆ ಮೇಲೆ ಕೆಂಪು ಪೇಂಟ್ ಬಳಿದೆ. ಒಂದೇ ಮಳೆಗಾಲಕ್ಕೆ ತೊಳೆದುಹೋಯಿತು. ಕಬ್ಬಿಣದ ಗೂಟ ಹೊಡೆದೆ, ಎಮ್ಮೆ ಕಟ್ಟಲು ಯಾರೋ ಕಿತ್ತುಕೊಂಡು ಹೋದರು. ಅಲ್ಯೂಮಿನಿಯಂ ಬಿಲ್ಲೆಗೆ ನಂಬರ್ ಕೊರೆದು ತಾಮ್ರದ ತಂತಿಯಲ್ಲಿ ಮರಕ್ಕೆ ಕಟ್ಟಿದೆ. ಬಿಲ್ಲೆ ನೆಲಕ್ಕೆ ಬಿದ್ದಿತ್ತು, ತಂತಿ ಮಾಯ. ಆಮೇಲೆ 2019ರ ಆಗಸ್ಟ್ ನೆರೆ ಬಂತು. ನಲವತ್ತರಲ್ಲಿ ಮೂವತ್ತೊಂದು ಗುರುತು ಹೋದವು. ಅದೇ ವಾರ ಕಾಲುಸಂಕ ದಾಟುವಾಗ ಕ್ಯಾಮೆರಾ ಹೊಳೆ ಪಾಲಾಯಿತು. 22 ಸಾವಿರದ್ದು, ತೆಗೆದುಕೊಂಡು ಏಳು ತಿಂಗಳಾಗಿತ್ತು. ಜೀಪ್ ಬಾಡಿಗೆ, ಗಿಡ ಒತ್ತಿ ಒಣಗಿಸುವ ಪ್ರೆಸ್, ಕಾಗದ ಎಲ್ಲ ಸೇರಿ ಆ ವರ್ಷ 70 ಸಾವಿರದ ಹತ್ತಿರ ಹತ್ತಿರ ಹೋಯಿತು. ಮನೆಯಲ್ಲಿ ಯಾರೂ ಬೈಯಲಿಲ್ಲ. ಆದರೆ ಯಾರೂ ಜಾಸ್ತಿ ಮಾತಾಡಲೂ ಇಲ್ಲ.

ನೆರೆ ಇಳಿದ ಮೇಲೆ ಗುರುತು ಹಾಕುವುದನ್ನೇ ಬಿಟ್ಟೆ. ನಾವು ಗುರುತು ಹಾಕಿದ್ದನ್ನು ಹೊಳೆ ಒಯ್ಯುತ್ತದೆ. ಹೊಳೆಗೆ ಒಯ್ಯಲಾಗದ್ದನ್ನೇ ಗುರುತು ಮಾಡಿಕೊಳ್ಳಬೇಕು. ಒಂದು ದಿಕ್ಕಿನಲ್ಲಿ ಹತ್ತಿರದ ಬಂಡೆಯ ಮೂಲೆಯೂ ದೂರದ ಗುಡ್ಡದ ತಗ್ಗೂ ಒಂದೇ ಗೆರೆಗೆ ಬರಬೇಕು. ಇನ್ನೊಂದು ದಿಕ್ಕಿನಲ್ಲಿ ಇಂಥದ್ದೇ ಮತ್ತೊಂದು ಜೋಡಿ. ಎರಡು ಗೆರೆ ಕೂಡುವ ಕಡೆ ನಿಂತರೆ ಒಂದು ಹೆಜ್ಜೆಯೂ ಆಚೀಚೆ ಆಗುವುದಿಲ್ಲ. ನಂಬರ್ ಬದಲು ಹೆಸರಿಟ್ಟೆ: ಆನೆಬೆನ್ನು, ಎರಡು ಬೈನೆ, ಮುರುಕು ಮೆಟ್ಟಿಲು. 2021ರ ಜುಲೈಯಲ್ಲಿ ಮತ್ತೆ ನೆರೆ ಬಂತು. ಒಂದು ಜಾಗವೂ ತಪ್ಪಲಿಲ್ಲ. ಖರ್ಚು ಸೊನ್ನೆ.

ಎತ್ತರ ಅಳೆಯಲು ಉಪಕರಣ ಬಾಡಿಗೆಗೆ ಕೇಳಿದ್ದೆ. ದಿನಕ್ಕೆ ಎರಡೂವರೆ ಸಾವಿರ ಅಂದರು. ಗಾರೆ ಕೆಲಸದವರ ನೀರಿನ ಲೆವೆಲ್ ಪೈಪ್ 200 ರೂಪಾಯಿಗೆ ಸಿಕ್ಕಿತು. ಜೊತೆಗೆ ಅಡಿ ಅಡಿಗೂ ಗೆರೆ ಹಾಕಿದ ಒಂದು ಬಿದಿರು ಗಳ. ಡಿಸೆಂಬರಿನ ನೀರಿನ ಮಟ್ಟ ಸೊನ್ನೆ ಅಂತ ಇಟ್ಟುಕೊಂಡು ಪ್ರತಿ ಗಿಡದ ಬುಡದ ಎತ್ತರ ಬರೆದೆ. ನೆರೆ ಎಲ್ಲಿಯವರೆಗೆ ಬಂದಿತ್ತು ಅನ್ನುವುದನ್ನು ಕೊಂಬೆಗೆ ಸಿಕ್ಕಿಕೊಂಡ ಕಸದ ಗೆರೆ ಹೇಳುತ್ತದೆ. ಆ ಗೆರೆ ಈ ವರ್ಷದ್ದೋ ಹಳೆಯದೋ ಅಂತ ತಿಳಿಯುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಾಲ್ಕು ಮಳೆಗಾಲ ಓಡಾಡಿದವರಿಗೆ ತಾನಾಗಿ ಗೊತ್ತಾಗುತ್ತದೆ.

ಎತ್ತರದ ಪ್ರಕಾರ ಪಟ್ಟಿ ಜೋಡಿಸಿದಾಗ ನನಗೇ ಆಶ್ಚರ್ಯ. ಮಾರ್ಚಿನಲ್ಲಿ ಕಲಸುಮೇಲೋಗರ ಅನಿಸುತ್ತಿದ್ದ ದಂಡೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಹೊಳೆ ನಡುವಿನ ಬಂಡೆ ಸಂದಿಯಲ್ಲಿ, ಒಂದರಿಂದ ಆರು ಅಡಿಯೊಳಗೆ, ಕಣಗಿಲೆಯಂಥ ಎಲೆಯ ಹೋಮೋನೋಯಿಯಾ ಪೊದೆ. ನೆರೆ ಬಂದರೆ ಪೂರ್ತಿ ಮಲಗುತ್ತದೆ, ಇಳಿದ ಮೇಲೆ ಎದ್ದು ನಿಲ್ಲುತ್ತದೆ. ಅದರ ಮೇಲೆ ಹೊಳೆದಾಸವಾಳ. ಎಂಟರಿಂದ ಹದಿನಾಲ್ಕು ಅಡಿ ಹತ್ತಿರ ಹೊಂಗೆ. ಅದಕ್ಕೂ ಮೇಲೆ, ದರೆಯ (ಕಡಿದಾದ ಮಣ್ಣಿನ ದಂಡೆಯ) ಅಂಚಿನಲ್ಲಿ ಅಪ್ಪೆ, ಅಂದರೆ ಉಪ್ಪಿನಕಾಯಿ ಮಿಡಿಯ ಕಾಡುಮಾವು. ನಿಜವಾದ ಅಶೋಕ ಮಾತ್ರ ಮುಖ್ಯ ಹೊಳೆಗಿಂತ ಪಕ್ಕದ ಹಳ್ಳಗಳ ನೆರಳಿನಲ್ಲೇ ಜಾಸ್ತಿ ಸಿಕ್ಕಿತು. ಯಾವುದು ಎಷ್ಟು ದಿನ ನೀರಲ್ಲಿ ಮುಳುಗಿ ಬದುಕಬಲ್ಲದೋ ಅದಕ್ಕೆ ತಕ್ಕ ಮೆಟ್ಟಿಲು.

ಹೆಸರಿನ ವಿಷಯದಲ್ಲಿ ಎರಡು ಸಲ ಎಡವಿದೆ. ಊರಿನ ಹೆಸರನ್ನಷ್ಟೇ ಬರೆದುಕೊಂಡರೆ ಆಗುವುದಿಲ್ಲ. ವಾಟೆ ಅಂದರೆ ನಮ್ಮಲ್ಲಿ ಹುಳಿಗೆ ಹಾಕುವ ಕಾಯಿಯ ಮರವೂ ಹೌದು, ಬುಟ್ಟಿ ಹೆಣೆಯುವ ಬಿದಿರೂ ಹೌದು. ಒಂದಿಡೀ ತಿಂಗಳ ಲೆಕ್ಕ ಇದರಿಂದ ಹಾಳಾಯಿತು. ಹಳೆಯ ಸಸ್ಯಪಟ್ಟಿಗಳಲ್ಲೂ ತೊಡಕಿದೆ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿ, ಸಾಗರ-ಸೊರಬ ಮೈಸೂರಿನಲ್ಲಿ. ಪಟ್ಟಿಗಳೂ ಪ್ರಾಂತ್ಯಕ್ಕೊಂದು. ಹತ್ತು ಹರದಾರಿ ಆಚೆಯ ಗಿಡಕ್ಕೆ ಬೇರೆಯೇ ಪುಸ್ತಕ ತೆರೆಯಬೇಕು.

ಗಿಡದ ಮಾದರಿ ಒಣಗಿಸುವುದು ಇನ್ನೊಂದು ಗೋಳು. ಮೊದಲ ಮಳೆಗಾಲದ ಸುಮಾರು 120 ಮಾದರಿಗಳಲ್ಲಿ 90ಕ್ಕೆ ಬೂಸ್ಟು ಬಂತು. ಬಲ್ಬಿನ ಪೆಟ್ಟಿಗೆ ಮಾಡಿದೆ, ಕರೆಂಟೇ ಇರಲಿಲ್ಲ. ಅಡಕೆ ಡ್ರೈಯರಿನಲ್ಲಿ ಇಟ್ಟೆ, ಮುಟ್ಟಿದರೆ ಪುಡಿಯಾಗುತ್ತಿತ್ತು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟೆ, ಅದು ಒಂದು ಮಟ್ಟಿಗೆ ಪರವಾಗಿಲ್ಲ, ಆದರೆ ಎಲ್ಲ ಎಲೆಯೂ ಒಂದೇ ಕಂದು ಬಣ್ಣ. ಕೊನೆಗೆ ಕೈ ಹಿಡಿದದ್ದು ಸ್ಪಿರಿಟ್. ಗಿಡವನ್ನು ಪೇಪರಿನಲ್ಲಿ ಮಡಚಿ, ಕಂತೆ ಕಟ್ಟಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸ್ಪಿರಿಟ್ ಸುರಿದು ಬಾಯಿ ಬಿಗಿದರೆ ವಾರಗಟ್ಟಲೆ ಕೆಡುವುದಿಲ್ಲ. ಬಿಸಿಲು ಬಂದಾಗ ತೆಗೆದು ಒಣಗಿಸಿದರಾಯಿತು. ವಿದ್ಯೆ ಹಳೆಯದೇ, ನಮ್ಮ ಮಳೆಗೆ ಹೇಳಿ ಮಾಡಿಸಿದಂತಿದೆ. ಹೂವಿನ ಬಣ್ಣ ಹೋಗುತ್ತದೆ, ಮೊದಲೇ ಫೋಟೊ ತೆಗೆಯಿರಿ. ನೀರು ಎಷ್ಟು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದು ಕಡೆ ಗುರುತಿಸಲು ಕೊಟ್ಟ 18 ಮಾದರಿ ವಾಪಸ್ ಬರಲೇ ಇಲ್ಲ. ಅಂದಿನಿಂದ ಪ್ರತಿಯೊಂದಕ್ಕೂ ಜೋಡಿ ಇಡುತ್ತೇನೆ. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿ ಪತ್ರ ಇಲ್ಲದೆ ಕೊಂಬೆ ಮುರಿಯಬೇಡಿ. ನಾನು ಮುರಿದದ್ದಿಲ್ಲ.

ಈಗ ಮೂರನೇ ನೋಟ್‌ಬುಕ್ಕಿನ ವಿಷಯ. ಆನೆಬೆನ್ನು ಬಂಡೆಯ ಮೇಲೆ ಹರಿಯುವ ನೀರಿನಡಿ ಹಸಿರು ಪೊರೆಯಂಥದ್ದು ಅಂಟಿಕೊಂಡಿತ್ತು. ಎರಡು ವರ್ಷ 'ಪಾಚಿ' ಅಂತಲೇ ಬರೆದಿದ್ದೆ. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಹೇಳಿದರು: "ತಮಾ, ಕಾರ್ತಿಕ ಕಳೆದ ಮೇಲೆ ಈ ಬಂಡೆ ಕೆಂಪಾಗ್ತು. ಹೂ ಬಿಡ್ತು. ನೋಡಿದ್ದಿಲ್ಯನಾ?" ನೋಡಿರಲಿಲ್ಲ. ಎರಡೂ ವರ್ಷ ಡಿಸೆಂಬರಿನ ಭೇಟಿ ಹೂವಿಗೆ ಮೊದಲೇ ಮುಗಿದುಹೋಗಿತ್ತು. 2020ರ ಡಿಸೆಂಬರಿನಲ್ಲಿ ಹನ್ನೊಂದು ದಿನ ಬಿಡದೆ ಹೋದೆ. ನೀರು ನಾಲ್ಕು ಬೆರಳು ಇಳಿದಿತ್ತು. ತೆರೆದುಕೊಂಡ ಪಟ್ಟಿ ಕೆಂಪಾಯಿತು, ಮೂರನೇ ದಿನಕ್ಕೆ ಸಾಸಿವೆಯಷ್ಟು ಹೂಗಳು ಬಂಡೆ ತುಂಬ. ಬಗ್ಗಿ ಲೆನ್ಸ್ ಇಟ್ಟು ನೋಡುವಾಗ ಕೈ ನಡುಗುತ್ತಿತ್ತು.

ಅದು ಪೊಡೊಸ್ಟೆಮೇಸಿ ಕುಟುಂಬ. ಹೂ ಬಿಡುವ ಗಿಡವೇ, ಪಾಚಿ ಅಲ್ಲ. ಬೇರೇ ಚಪ್ಪಟೆಯಾಗಿ ಬಂಡೆಗೆ ಅಂಟಿರುತ್ತದೆ. ನೀರು ಇಳಿದಾಗ ಹೂ, ಬೇಗನೆ ಕಾಯಿ, ಒಣ ಬಂಡೆ ಮೇಲೆ ಬೀಜ. ಮಳೆ ನೀರು ತಾಗಿದರೆ ಬೀಜ ಲೋಳೆಯಾಗಿ ಬಂಡೆಗೆ ಕಚ್ಚಿಕೊಳ್ಳುತ್ತದೆ. ಮಾರ್ಚಿನಲ್ಲಿ ಬಂದವರಿಗೆ ಕಾಣುವುದು ಒಣಗಿದ ಕಪ್ಪು ಕಲೆ ಮಾತ್ರ. ನಲವತ್ತು ಜಾಗಗಳಲ್ಲಿ ಒಂಬತ್ತರಲ್ಲಿ ಇದೆ. ಎಲ್ಲೆಲ್ಲಿ ಅನ್ನುವುದನ್ನು ಬರೆಯುವುದಿಲ್ಲ.

ನಡುವೆ ಬಕೆಟ್ ಪ್ರಯೋಗವೂ ನಡೆಯಿತು. ಹೊಂಗೆ ಕಾಯಿ, ಅಪ್ಪೆ ಓಟೆ (ಗೊರಟು) ತಲಾ ಇಪ್ಪತ್ತು ನೀರಿಗೆ ಹಾಕಿದೆ. ಹೊಂಗೆ ಮೂರು ವಾರ ದಾಟಿದರೂ ತೇಲುತ್ತಿತ್ತು, ಹದಿನಾರೋ ಹದಿನೇಳೋ ಮೊಳೆತವು. ಅಪ್ಪೆ ಓಟೆ ಒಣಗಿದರೆ ತಿಂಗಳಲ್ಲಿ ಸಾಯುತ್ತದೆ, ಹಸಿಯಾಗಿಯೇ ಊರಬೇಕು. ಮೂವತ್ತೈದು ಅಪ್ಪೆ ಸಸಿ ಎಬ್ಬಿಸಿ ದರೆಯಲ್ಲಿ ನೆಟ್ಟೆ. ದನ ತಿಂದು ಆರು ಉಳಿದವು. ಮರುವರ್ಷ ಮುಳ್ಳುಪೊದೆಯ ನಡುವೆ ನೆಟ್ಟೆ, ಮುಕ್ಕಾಲು ಪಾಲು ಬದುಕಿವೆ. ಮಿಡಿಗಾಗಿ ಕೊಂಬೆಯನ್ನೇ ಕಡಿಯುವವರು ಇರುವವರೆಗೆ ಇದನ್ನು ಬಿಡುವ ಹಾಗಿಲ್ಲ.

ದಂಡೆಯ ನೋಟದ ಫೋಟೊ ಪ್ರತಿ ಸಲ ಒಂದೇ ಜಾಗದಿಂದ ತೆಗೆಯಲೂ ಜಾಗ ಗುರುತಿಸುವ ಅದೇ ಎರಡು ಗೆರೆಯ ಲೆಕ್ಕ. ದಂಡೆಯ ಒಂದು ಮನೆಯಲ್ಲಿ ಹಳೆಯ ಮದುವೆ ಫೋಟೊ ಸಿಕ್ಕಿತು. ಮದುಮಗನ ಹಿಂದೆ ಆಚೆ ದಂಡೆ, ಅಲ್ಲಿ ಏಳು ದೊಡ್ಡ ಮರ. ಅದೇ ಜಾಗದಲ್ಲಿ ನಿಂತು ನಾನು ತೆಗೆದದ್ದರಲ್ಲಿ ಎರಡೇ ಇವೆ. ತೋಟಕ್ಕೆ ನೆರಳು ಬೀಳುತ್ತದೆ ಅಂತ ಉಳಿದವನ್ನು ಕಡಿದದ್ದು. ಬೇರು ಹೋದ ಮೇಲೆ ದರೆ ಎರಡು ಮಾರು ಕುಸಿದಿದೆ. ಮನೆಯ ಯಜಮಾನರಿಗೆ ಎರಡೂ ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. ಆ ಮಳೆಗಾಲ ಅವರೇ ಬಂದು ಹೊಂಗೆ ಸಸಿ ಕೇಳಿ ಒಯ್ದರು.

ಈಗ ವರ್ಷಕ್ಕೆ ಏಳೆಂಟು ಸಾವಿರದಲ್ಲಿ ಮುಗಿಯುತ್ತದೆ. ಆನೆಬೆನ್ನಿನ ಮೇಲಿನ ಮಡುವಿಗೆ ಈಚೆಗೆ ಮೂರು ಹೊಸ ಪಂಪ್ ಬಂದಿವೆ. ನೀರು ನಾಲ್ಕು ಬೆರಳು ಇಳಿಯುವ ದಿನ ಮೊದಲಿಗಿಂತ ಬೇಗ ಬರುತ್ತಿದೆಯೋ ಅಂತ ನವೆಂಬರಿನಿಂದ ದಿನಾ ಬೆಳಿಗ್ಗೆ ಗಳ ಇಟ್ಟು ಅಳೆಯುತ್ತಿದ್ದೇನೆ.