ಕಾಂಡ್ಲಾ ಕಾಡಿನಲ್ಲಿ ಹಕ್ಕಿ ನೋಡುವ ಹೊತ್ತು

ಹಾಸನದ ಸುತ್ತಲಿನ ಕೆರೆಗಳಲ್ಲಿ ಹಕ್ಕಿ ನೋಡಲು ಕಲಿತ ನಮಗೆ ಹೊತ್ತು ಎಂದರೆ ಸೂರ್ಯನ ಹೊತ್ತು. ಬೆಳಕು ಹರಿಯುವ ಮೊದಲೇ ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆ, ಬಾಯ್ಕಳಕ ಕೊಕ್ಕರೆ, ಬೂದು ಬಕ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹೊನ್ನಾವರದ ಶರಾವತಿ ಅಳಿವೆಯಲ್ಲಾಗಲಿ, 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂದು (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು) ಘೋಷಿತವಾದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಾಗಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಹಕ್ಕಿಗಳ ದಿನಚರಿ ನಡೆಯುವುದು ಉಬ್ಬರವಿಳಿತದ ಪ್ರಕಾರ. ಆದ್ದರಿಂದ ಘಾಟಿ ಇಳಿಯುವ ದಿನವನ್ನು ನಾನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಯೇ ಗೊತ್ತುಮಾಡುತ್ತೇನೆ.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬಿದಿಗೆ, ತದಿಗೆಯಲ್ಲಿ ಇಳಿತವು ಬೆಳಗಿನ ವೇಳೆಗೇ ಬೀಳುವುದರಿಂದ ಕೆಸರು ಬಯಲೂ ಒಳ್ಳೆಯ ಬೆಳಕೂ ಒಟ್ಟಿಗೆ ದೊರೆಯುತ್ತವೆ. ನಿಖರ ಸಮಯವನ್ನು ಮಾತ್ರ ಉಬ್ಬರವಿಳಿತದ ಕೋಷ್ಟಕದಲ್ಲೇ ನೋಡಬೇಕು. ವಲಸೆ ಹಕ್ಕಿಗಳಿಗಾಗಿ ನವೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳು ಸೂಕ್ತ.

ನೀರು ಪೂರ್ತಿ ಇಳಿದಾಗ ಹಕ್ಕಿಗಳು ಬಯಲಿನ ಉದ್ದಗಲಕ್ಕೂ ಚದುರಿರುತ್ತವೆ. ನನ್ನ ಮಟ್ಟಿಗೆ ನಿಜವಾದ ನೋಟ ಆರಂಭವಾಗುವುದು ನೀರು ಮರಳಿ ಏರತೊಡಗಿದ ಮೇಲೆ. ಆಗ ಮೇವಿನ ಜಾಗ ಕಿರಿದಾಗುತ್ತ, ಕೆಂಗಾಲಿನ ರೆಡ್‌ಶ್ಯಾಂಕ್, ಸ್ಯಾಂಡ್‌ಪೈಪರ್, ವಿಂಬ್ರೆಲ್ ಹಕ್ಕಿಗಳು ತಾವಾಗಿಯೇ ಕಾಂಡ್ಲಾದ ಅಂಚಿಗೆ ಸರಿದು ಬರುತ್ತವೆ. ದೋಣಿಯ ಎಂಜಿನ್ ನಿಲ್ಲಿಸಿ ಕಾದಿದ್ದಾಗ, ವಿಂಬ್ರೆಲ್ ಒಂದು ತನ್ನ ಡೊಂಕು ಕೊಕ್ಕನ್ನು ಬಿಲದೊಳಗೆ ಇಳಿಬಿಟ್ಟು, ಒಂದೇ ದೊಡ್ಡ ಕೊಂಡಿಯ ಏಡಿಯನ್ನು ಎಳೆದು, ಕೊಂಡಿ ಕಳಚಿ ಬೀಳುವವರೆಗೂ ಕೊಡವಿ, ಉಳಿದ ಮೈಯನ್ನು ಇಡಿಯಾಗಿ ನುಂಗಿದ್ದನ್ನು ನೋಡಿದ್ದೇನೆ. ಮರಗಳ ಒಳಗೆ ಹಸಿರು ಬಕವನ್ನು ಹುಡುಕಬೇಕಾದರೆ ಕೊಂಬೆಗಿಂತ ಕೆಳಗೆ, ನೀರಿಗೆ ತಾಗುವ ಊರುಬೇರುಗಳ ನಡುವೆ ಕಣ್ಣಾಡಿಸಬೇಕು. ನುಗ್ಗೆಕಾಯಿಯಂತೆ ಜೋತುಬಿದ್ದ ಕಾಂಡ್ಲಾ ಮೊಳಕೆಗಳ ಪಕ್ಕದಲ್ಲಿ ಕರಿತಲೆ ಮಿಂಚುಳ್ಳಿ ಕುಳಿತಿದ್ದರೂ, ಅದರ ಹವಳಗೆಂಪು ಕೊಕ್ಕು ಕಾಣುವವರೆಗೆ ಹಕ್ಕಿ ಇದೆಯೆಂಬುದೇ ತಿಳಿಯುವುದಿಲ್ಲ.

ಕೆರೆ ಏರಿಯ ಮೇಲೆ ನನಗೆ ಬಲು ಉಪಯೋಗಕ್ಕೆ ಬರುವ ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಟ್ಟು ನೋಡುವ ದೂರದರ್ಶಕ) ದೋಣಿಯಲ್ಲಿ ಬರೀ ಹೊರೆ. ಅಲುಗಾಟದಲ್ಲಿ 10 ಪಟ್ಟು ಹಿಗ್ಗಿಸುವ ಬೈನಾಕ್ಯುಲರಿಗಿಂತ 8 ಪಟ್ಟು ಹಿಗ್ಗಿಸುವ 8x42 ಲೇಸು, ಏಕೆಂದರೆ ಹಿಗ್ಗಿಸಿದಷ್ಟೂ ನಡುಕವೂ ಹಿಗ್ಗುತ್ತದೆ.

ಹಕ್ಕಿ ನೋಡುವವರು ಕಂಡ ಹಕ್ಕಿಗಳ ಪಟ್ಟಿ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸುವಾಗ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು ಟಿಪ್ಪಣಿಯಲ್ಲಿ ತಪ್ಪದೆ ಬರೆಯುತ್ತೇನೆ. ಹಾಸನದ ಗೆಳೆಯರಿಗೆ ಇದು ಅತಿಯೆನಿಸುತ್ತದೆ. ಆದರೆ ಅದೇ ಜಾಗದಲ್ಲಿ, ಅದೇ ದಿನ, ಉಬ್ಬರದಲ್ಲಿ ಎಣಿಸಿದವರ ಪಟ್ಟಿಯನ್ನೂ ಇಳಿತದಲ್ಲಿ ಎಣಿಸಿದವರ ಪಟ್ಟಿಯನ್ನೂ ಈ ಒಂದು ಸಾಲಿಲ್ಲದೆ ಹೋಲಿಸಲು ಬರುವುದಿಲ್ಲ.