ರೇಸಿನ ಟಿಪ್ಸ್ ಸ್ಪರ್ಧೆಯಲ್ಲಿ ಗೆಲ್ಲುವ ಕುದುರೆಯನ್ನು ಆರಿಸುವುದು ಹೇಗೆ?

ಕೊಡಗಿನಲ್ಲಿ ರೇಸ್ ಕೋರ್ಸ್ ಇಲ್ಲದಿದ್ದರೂ ಮೈಸೂರು ಮತ್ತು ಬೆಂಗಳೂರಿನ ಪಂದ್ಯಗಳನ್ನು ಇಲ್ಲಿದ್ದುಕೊಂಡೇ ಶ್ರದ್ಧೆಯಿಂದ ಗಮನಿಸುವವರಿದ್ದಾರೆ. ಹಣ ಕಟ್ಟದೆ, ಪ್ರತಿ ರೇಸಿಗೆ ಒಂದು ಕುದುರೆಯ ಹೆಸರು ಬರೆದುಕೊಟ್ಟು ಅಂಕಗಳಿಗಾಗಿ ಮಾತ್ರ ಸೆಣಸುವ ಟಿಪ್ಸ್ ಸ್ಪರ್ಧೆ ಅಂಥವರಿಗೆ ಹೇಳಿ ಮಾಡಿಸಿದ್ದು. ಕುದುರೆ ಪಂದ್ಯದಲ್ಲಿ ಅದೃಷ್ಟಕ್ಕಿಂತ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1996ರಲ್ಲಿ, ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿತು. ಆ ಕೌಶಲವನ್ನು ಹಣದ ಹಂಗಿಲ್ಲದೆ ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೊದಲು ಓದಬೇಕಾದದ್ದು ರೇಸ್ ಪುಸ್ತಕವನ್ನಲ್ಲ, ಸ್ಪರ್ಧೆಯ ನಿಯಮವನ್ನು. ಗೆದ್ದ ಕುದುರೆಗೆ ಇಷ್ಟು, ಎರಡನೆಯ ಮತ್ತು ಮೂರನೆಯ ಸ್ಥಾನಕ್ಕೆ ಇಷ್ಟು ಎಂದು ಅಂಕಗಳು ನಿಗದಿಯಾಗಿದ್ದರೆ ಫೇವರಿಟ್ ಕುದುರೆಯನ್ನು (ಗೆಲ್ಲುತ್ತದೆಂದು ಹೆಚ್ಚು ಜನ ಹಣ ಕಟ್ಟಿದ ಕುದುರೆ) ಬಿಟ್ಟುಕೊಡಲು ಬಲವಾದ ಕಾರಣವಿರಬೇಕು. ಏಕೆಂದರೆ ಸಾಮಾನ್ಯವಾಗಿ ಮೂರು ರೇಸುಗಳಲ್ಲಿ ಸುಮಾರು ಒಂದನ್ನು ಫೇವರಿಟ್ ಕುದುರೆಯೇ ಗೆಲ್ಲುತ್ತದೆ. ಆದರೆ ಜನ ಕಟ್ಟಿದ ಹಣವನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಟೋಟ್‌ನಲ್ಲಿ 10 ರೂಪಾಯಿಗೆ ಬರುವ ಡಿವಿಡೆಂಡನ್ನೇ (ಗೆದ್ದವರಿಗೆ ಸಿಗುವ ಹಣ) ಅಂಕವಾಗಿ ಎಣಿಸುವ ಸ್ಪರ್ಧೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಹತ್ತು ರೇಸುಗಳಲ್ಲಿ ಮೂರು ಫೇವರಿಟ್‌ಗಳು ಗೆದ್ದು ತಲಾ 22 ಅಂಕ ತಂದರೆ ಒಟ್ಟು 66. 90 ಅಂಕ ಕೊಡುವ ಒಂದೇ ಒಂದು ಕುದುರೆ ಗೆದ್ದರೆ ಅದನ್ನು ಮೀರಿಬಿಡುತ್ತದೆ. ಇಂಥ ಕಡೆ ಜನ ಕಡೆಗಣಿಸಿದ ಒಳ್ಳೆಯ ಕುದುರೆಯನ್ನು ಹುಡುಕಬೇಕು.

ಹುಡುಕಾಟ ತೂಕದಿಂದ ಆರಂಭವಾಗಲಿ. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮನಾಗಲೆಂದು ಹೆಚ್ಚು ರೇಟಿಂಗ್ (ಸಾಮರ್ಥ್ಯಕ್ಕೆ ಕೊಡುವ ಅಂಕ) ಇರುವ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ. ನಮ್ಮಲ್ಲಿ ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕಿಲೋ ಲೆಕ್ಕ. 50 ರೇಟಿಂಗಿನ ಕುದುರೆ 60 ಕಿಲೋ ಹೊತ್ತರೆ 40 ರೇಟಿಂಗಿನದು 55 ಕಿಲೋ ಹೊರುತ್ತದೆ. ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಸೋಲುತ್ತ ಬಂದದ್ದರದು ಇಳಿಯುತ್ತದೆ. ಆದ್ದರಿಂದ ಹಿಂದೆ ಮೇಲಿನ ಕ್ಲಾಸಿನಲ್ಲಿ (ರೇಟಿಂಗಿನ ಪ್ರಕಾರ ಮಾಡಿದ ದರ್ಜೆ) ಚೆನ್ನಾಗಿ ಓಡಿ, ಈಗ ರೇಟಿಂಗ್ ಇಳಿದು ಕೆಳಗಿನ ಕ್ಲಾಸಿಗೆ ಬಂದಿರುವ, ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲಿ ಮತ್ತೆ ಚುರುಕು ತೋರುತ್ತಿರುವ ಕುದುರೆಯನ್ನು ಗುರುತು ಹಾಕಿಕೊಳ್ಳಿ. ಹಿಂದಿನ ಓಟಗಳನ್ನು ನೋಡುವಾಗ ಎಷ್ಟನೆಯದಾಗಿ ಬಂತು ಎಂಬುದಕ್ಕಿಂತ ಎಷ್ಟು ಲೆಂಗ್ತ್ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಸೋತಿತು ಎಂಬುದು ಮುಖ್ಯ: ಬಲವಾದ ಪೈಪೋಟಿಯಲ್ಲಿ ಎರಡು ಲೆಂಗ್ತ್ ಹಿಂದೆ ಬಿದ್ದು ನಾಲ್ಕನೆಯದಾದ ಕುದುರೆ, ಸಾಧಾರಣ ರೇಸಿನಲ್ಲಿ ಎಂಟು ಲೆಂಗ್ತ್ ಹಿಂದೆ ಎರಡನೆಯದಾಗಿ ಬಂದದ್ದಕ್ಕಿಂತ ಮೇಲು.

ದೂರವನ್ನೂ ಮರೆಯಬಾರದು, 1200 ಮೀಟರ್ ಗೆದ್ದ ಕುದುರೆಗೆ 1600 ಮೀಟರಿನಲ್ಲಿ ಕೊನೆಯ ಉಸಿರು ಸಾಲದಿರಬಹುದು. ಜಾಕಿ ಮತ್ತು ಟ್ರೈನರ್ ಯಾರೆಂಬುದು ಎಲ್ಲರಿಗೂ ಕಾಣುವ ಸಂಗತಿಯಾದ್ದರಿಂದ ಅದರಿಂದಲೇ ಮುನ್ನಡೆ ಸಿಗುವುದು ಕಡಿಮೆ.

ಟ್ರ್ಯಾಕಿನ ವಿಷಯದಲ್ಲಿ ಕೊಡಗಿನವರು ವಿಶೇಷವಾಗಿ ಎಚ್ಚರವಹಿಸಬೇಕು. ಜುಲೈಯಲ್ಲಿ ಮಡಿಕೇರಿಯಲ್ಲಿ ಹಗಲಿರುಳು ಮಳೆ ಜಡಿಯುತ್ತಿದೆಯೆಂದು ಮೈಸೂರಿನ ನೆಲವೂ ಮೆತ್ತಗಾಗಿರುತ್ತದೆಂದು ಭಾವಿಸುವಂತಿಲ್ಲ. ಮುಂಗಾರಿನ ಮೋಡಗಳು ಘಟ್ಟದ ಮೇಲೆಯೇ ಬಹುಪಾಲು ಸುರಿದುಬಿಡುತ್ತವೆ. ಮೈಸೂರಿಗೆ ಮೇ ತಿಂಗಳಲ್ಲೂ ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಬೀಳುವ ಮಳೆಯೇ ಹೆಚ್ಚು. ಕಿಟಕಿಯಾಚೆಯ ಮಳೆಯನ್ನು ನಂಬದೆ, ರೇಸಿನ ದಿನ ಕ್ಲಬ್ ಪ್ರಕಟಿಸುವ, ನೆಲ ಎಷ್ಟು ಮೆತ್ತಗಿದೆಯೆಂದು ತೋರಿಸುವ ಪೆನೆಟ್ರೋಮೀಟರ್ ಅಳತೆಯನ್ನು ನೋಡಿ. ಅಂಕಿ ಹೆಚ್ಚಿದಷ್ಟೂ ನೆಲ ಮೃದು ಎಂದರ್ಥ. ಅಂಥ ನೆಲದಲ್ಲಿ ಹಿಂದೆ ಗೆದ್ದ ಕುದುರೆಗೆ ಆದ್ಯತೆ ಕೊಡಿ.

ಸ್ಪರ್ಧೆ ಮುಗಿಯುತ್ತ ಬಂದಾಗ ಕುದುರೆಯ ಜೊತೆಗೆ ಅಂಕಪಟ್ಟಿಯನ್ನೂ ಎದುರಿಗಿಟ್ಟುಕೊಳ್ಳಬೇಕು. ನೀವು ಮುಂದಿದ್ದರೆ, ಬೆನ್ನ ಹಿಂದೆಯೇ ಇರುವ ಪ್ರತಿಸ್ಪರ್ಧಿ ಆರಿಸಬಹುದಾದ ಕುದುರೆಯನ್ನೇ ಆರಿಸಿ. ಇಬ್ಬರಿಗೂ ಸಮಾನ ಅಂಕ ಬಂದರೆ ನಿಮ್ಮ ಮುನ್ನಡೆ ಹಾಗೆಯೇ ಉಳಿಯುತ್ತದೆ. ಹಿಂದುಳಿದಿದ್ದರೆ ಎಲ್ಲರೂ ಬರೆಯುವ ಹೆಸರನ್ನು ಬರೆದು ಪ್ರಯೋಜನವಿಲ್ಲ. ದುಪ್ಪಟ್ಟು ಅಂಕದ ಅವಕಾಶವಿದ್ದರೆ ಅದನ್ನು ಕುದುರೆಗಳು ಕಡಿಮೆಯಿರುವ, ನಿಮಗೆ ಚೆನ್ನಾಗಿ ಪರಿಚಯವಿರುವ ರೇಸಿಗೆ ಮೀಸಲಿಡಿ. ನೀವು ಆರಿಸಿದ ಕುದುರೆ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ ಬದಲಿಗೆ ಫೇವರಿಟ್ ಸಿಗುತ್ತದೆಯೋ ಶೂನ್ಯವೋ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಶೂನ್ಯವೆಂದಾದರೆ ಹೆಸರು ಕೊಡುವ ಗಡುವಿನವರೆಗೂ ಕಾದು, ಓಡುವ ಕುದುರೆಗಳ ಅಂತಿಮ ಪಟ್ಟಿಯನ್ನು ನೋಡಿಯೇ ಬರೆದುಕೊಡಿ.