ಅಂಚಿನಲ್ಲಿ ಹೆಸರಿರುವ ಬಟ್ಟೆ

ಆಸ್ಟ್ರೇಲಿಯಾದ ಅಬೊರಿಜಿನಲ್ (ಮೂಲನಿವಾಸಿ) ಕಲಾವಿದರ ಕೈಮುದ್ರಣದ ಬಟ್ಟೆ ಕೈಗೆ ಬಂದರೆ ಮೊದಲು ಅಂಚು ಬಿಡಿಸಿ ನೋಡುತ್ತೇನೆ. ಒಳ್ಳೆಯ ಬಟ್ಟೆಗಳ ಅಂಚಿನಲ್ಲಿ ಕಲಾವಿದರ ಹೆಸರು, ವಿನ್ಯಾಸದ ಹೆಸರು, ಆರ್ಟ್ ಸೆಂಟರಿನ (ಕಲಾವಿದರ ಸಮುದಾಯದ ಕಲಾಕೇಂದ್ರ) ಹೆಸರು ಅಚ್ಚಾಗಿರುತ್ತವೆ. ಇಲ್ಲವಾದರೆ ಜೊತೆಗಿನ ಚೀಟಿಯಲ್ಲಾದರೂ ಇರಬೇಕು. ‘ಅಬೊರಿಜಿನಲ್ ಶೈಲಿ’ ಎಂದಷ್ಟೇ ಬರೆದಿದ್ದರೆ ಮಡಿಚಿ ವಾಪಸ್ ಇಡುತ್ತೇನೆ.

ನಾನು ಕೊಳ್ಳುವುದು ಹೆಚ್ಚಾಗಿ ಆಸ್ಟ್ರೇಲಿಯಾದ ಉತ್ತರ ಭಾಗದ ನಾರ್ದರ್ನ್ ಟೆರಿಟರಿಯ ಆರ್ಟ್ ಸೆಂಟರ್‌ಗಳಿಂದಲೇ. ಬಾಥರ್ಸ್ಟ್ ದ್ವೀಪದ ಟಿವಿ (Tiwi) ಡಿಸೈನ್ಸ್ 1960ರ ದಶಕದ ಕೊನೆಯಲ್ಲಿ ಶುರುವಾದದ್ದು; ಅಲ್ಲಿ ಸ್ಕ್ರೀನ್ ಪ್ರಿಂಟ್ (ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಬಣ್ಣ ಒತ್ತುವ ಅಚ್ಚು) ಮಾಡುತ್ತಾರೆ. ಗುನ್‌ಬಲಾನ್ಯದಲ್ಲಿ ಇಂಜಲಾಕ್ ಇದೆ, ಮನಿನ್‌ಗ್ರಿಡದಲ್ಲಿ ಬಾಬರಾ ಮಹಿಳಾ ಕೇಂದ್ರ. (ಬಾಬರಾದ ಹೆಂಗಸರು ಮರದ ಅಚ್ಚಿನಿಂದ ಬಟ್ಟೆ ಮುದ್ರಿಸುವ ಬೆಂಗಳೂರಿನ ತರಂಗಿಣಿ ಸ್ಟುಡಿಯೋದವರ ಜೊತೆಗೂ ಕೆಲಸ ಮಾಡಿದ್ದಾರೆ; ನಮ್ಮ ಅಚ್ಚುಮಣೆ ಕಂಡವರಿಗೆ ಆ ನಂಟು ಅರ್ಥವಾಗುತ್ತದೆ.) ಎಲ್ಲವನ್ನೂ ಒಂದೇ ಕಡೆ ಮುಟ್ಟಿ ನೋಡಬೇಕೆಂದರೆ ಆಗಸ್ಟ್‌ನಲ್ಲಿ ನಡೆಯುವ ಡಾರ್ವಿನ್ ಅಬೊರಿಜಿನಲ್ ಆರ್ಟ್ ಫೇರ್ ಅನುಕೂಲ.

ಕ್ವಿಲ್ಟಿಂಗ್ ಅಂಗಡಿಗಳಲ್ಲಿ ಸಿಗುವ, ಸುಮಾರು 112 ಸೆಂ.ಮೀ. ಅಗಲದ ಹತ್ತಿ ಬಟ್ಟೆಯೇ ಬೇರೆ. ಅದು ಯಂತ್ರಮುದ್ರಣ. ಕಲಾವಿದರ ಒಪ್ಪಿಗೆ ಪಡೆದು ಅಚ್ಚಾಗಿದ್ದರೆ ಅದನ್ನು ನಕಲಿ ಎನ್ನಲಾಗದು, ಆದರೆ ಕೈಮುದ್ರಣದ ಬೆಲೆ ಕೊಡಬೇಡಿ. ಅಂಚಿನಲ್ಲಿ ಬಣ್ಣದ ಸಣ್ಣ ಚುಕ್ಕೆಗಳ ಸಾಲಿದ್ದರೆ ಸಾಮಾನ್ಯವಾಗಿ ಯಂತ್ರದ್ದು. ಕೈಮುದ್ರಣದಲ್ಲಿ ಒಂದು ಸ್ಕ್ರೀನ್ ಮುಗಿದು ಇನ್ನೊಂದು ಕೂಡುವಲ್ಲಿ ಬಣ್ಣ ಕೂದಲೆಳೆಯಷ್ಟು ದಪ್ಪವಾಗಿಯೋ ಬಿಟ್ಟುಹೋಗಿಯೋ ಇರುತ್ತದೆ, ಒಳಮೈ ಪೇಲವವಾಗಿರುತ್ತದೆ. ಅದು ದೋಷವಲ್ಲ.

ಎಷ್ಟು ಬೇಕೆಂದು ಲೆಕ್ಕ ಹಾಕಿಯೇ ಆರ್ಡರ್ ಮಾಡಿ, ಬಟ್ಟೆ ದುಬಾರಿ. 140 ಸೆಂ.ಮೀ. ಅಗಲದಲ್ಲಿ, 100 ಸೆಂ.ಮೀ. ಉದ್ದದ ಮುಕ್ಕಾಲು ತೋಳಿನ ಕುರ್ತಾಗೆ, ಘೇರು (ಕೆಳಅಂಚಿನ ಅಗಲ) ಒಂದೊಂದು ಪಾಲಿಗೆ 62 ಸೆಂ.ಮೀ. ಮೀರದಿದ್ದರೆ, ಮುಂಭಾಗ–ಹಿಂಭಾಗ ಅಕ್ಕಪಕ್ಕ ಕೂರುತ್ತವೆ, ತೋಳು ಅವುಗಳ ಕೆಳಗೆ. ಕುಗ್ಗುವುದನ್ನೂ ಸೇರಿಸಿದರೆ 1.75 ಮೀಟರ್. ಚಿತ್ರ ದೊಡ್ಡದಾಗಿದ್ದರೆ ಅದು ಎಷ್ಟು ಸೆಂ.ಮೀ.ಗೆ ಒಮ್ಮೆ ಮರುಕಳಿಸುತ್ತದೆ ಎಂದು ಕೇಳಿ, ಅಷ್ಟನ್ನು ಹೆಚ್ಚಿಗೆ ತರಿಸುತ್ತೇನೆ. ರವಿಕೆಗೆ 80–90 ಸೆಂ.ಮೀ. ಸಾಕು.

ಒಗೆಯದೆ ಕತ್ತರಿ ಹಾಕಬಾರದು. ಲಿನನ್ ಮೀಟರಿಗೆ 5 ಸೆಂ.ಮೀ.ಗಿಂತ ಹೆಚ್ಚೂ ಕುಗ್ಗಬಹುದು. ಒಗೆಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಹತ್ತು ಸಲ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಶಾಖ ಕೊಟ್ಟು ಕೂರಿಸಿದ್ದು ಸಾಲದು ಎಂದರ್ಥ. ಮಾರಿದವರನ್ನು ಕೇಳಿ, ಒಳಮೈಯಿಂದ ಹತ್ತಿಯ ಬಿಸಿಯಲ್ಲಿ ಒಣ ಇಸ್ತ್ರಿ ಕೊಡಿ. ಆಮೇಲೆ ತಣ್ಣೀರು, ಸೌಮ್ಯ ಸೋಪು, ನೆರಳು. ಬ್ಲೀಚ್ ಬೇಡವೇ ಬೇಡ.

ಈ ಬಟ್ಟೆ ಹಾಳಾಗುವುದು ಹೆಚ್ಚಾಗಿ ಕತ್ತರಿಸುವಾಗಲೇ. ಎರಡು ಮಡಿಕೆ ಮಾಡಿ ಕತ್ತರಿಸಿದರೆ ಕೆಳಗಿನ ಪದರದಲ್ಲಿ ಚಿತ್ರ ಎಲ್ಲಿ ಬಿತ್ತೆಂದು ಕಾಣುವುದಿಲ್ಲ, ಕೈಮುದ್ರಣದಲ್ಲಿ ಅದು ಒಂದೆರಡು ಸೆಂ.ಮೀ. ಸರಿದಿರಲೂಬಹುದು. ನಾನು ಖಾಕಿ ಕಾಗದದಲ್ಲಿ ಅರ್ಧವಲ್ಲ, ಪೂರ್ತಿ ಪ್ಯಾಟರ್ನ್ ತೆಗೆದು ಒಂದೇ ಪದರದಲ್ಲಿ ಇಡುತ್ತೇನೆ. ಮುಂಭಾಗ–ಹಿಂಭಾಗ ಒಂದೇ ಮಟ್ಟದಲ್ಲಿದ್ದರೆ ಪಕ್ಕದ ಹೊಲಿಗೆಯಲ್ಲಿ ಚಿತ್ರಗಳು ಒಂದೇ ಎತ್ತರಕ್ಕೆ ಬರುತ್ತವೆ. ಮೀನೋ ಮನುಷ್ಯಾಕೃತಿಯೋ ಇದ್ದರೆ ತಲೆ ಮೇಲಕ್ಕೇ ಇರಲಿ. ಉಳಿತಾಯಕ್ಕೆಂದು ಒಂದು ಪಾಲನ್ನು ತಲೆಕೆಳಗು ಮಾಡಿದರೆ ಬೆನ್ನಿನ ಮೇಲೆ ಮೀನು ಶೀರ್ಷಾಸನ ಹಾಕುತ್ತದೆ. ದುಂಡನೆಯ ಚಿತ್ರ ಎದೆಯ ಮೇಲೆ ಸರಿಯಾಗಿ ಕೂತರೆ ಹೇಗೆ ಕಾಣುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಟಕ್ಸ್, ಪ್ರಿನ್ಸೆಸ್ ಕಟ್ ಚಿತ್ರವನ್ನು ಸೀಳುತ್ತವೆ; ನೇರ ಕುರ್ತಾ, ಎ-ಲೈನ್ ಲಂಗ ವಾಸಿ.

ಹೊಲಿಗೆಗೆ ಹೊಸ ಸೂಜಿ: ಹತ್ತಿಗೆ 80/12, ದಪ್ಪ ಲಿನನ್‌ಗೆ 90/14, ಹೊಲಿಗೆಯ ಉದ್ದ 2.5–3 ಮಿ.ಮೀ. ಬಣ್ಣ ದಪ್ಪಗಿರುವ ಕಡೆ ಬಿಚ್ಚಿದ ಹೊಲಿಗೆಯ ತೂತು ಮುಚ್ಚುವುದಿಲ್ಲ. ಆದ್ದರಿಂದ ಗುಂಡುಸೂಜಿ, ಕಚ್ಚಾ ಹೊಲಿಗೆ ಎರಡೂ ಮಾರ್ಜಿನ್ ಒಳಗೇ ಇರಲಿ, ಗುರುತು ಒಳಮೈಯಲ್ಲಿರಲಿ. ಅಳತೆ ಅನುಮಾನವಿದ್ದರೆ ಹಳೇ ಪಂಚೆಯಲ್ಲಿ ಒಂದು ಹೊಲಿದು ನೋಡಿ. ಕೊರಳಿಗೆ ಅದೇ ಬಟ್ಟೆಯ ಕ್ರಾಸ್ ಪಟ್ಟಿ ಬಳಸಿದರೆ ಬಣ್ಣದ ಪದರ ಬಿರುಸಾಗಿರುವುದರಿಂದ ಅದು ಬಾಗುವುದಿಲ್ಲ. ಅದಕ್ಕೇ ಸಾದಾ ಹತ್ತಿಯ ಪಟ್ಟಿ ಹಾಕುತ್ತೇನೆ.

ನಮಗೇ ಹೊಲಿದುಕೊಳ್ಳುವುದಕ್ಕೆ ಯಾರ ತಕರಾರೂ ಇಲ್ಲ. ಹೊಲಿದು ಮಾರುವುದಿದ್ದರೆ ಸೆಂಟರನ್ನು ಮೊದಲೇ ಕೇಳಿ. ಚಿತ್ರವನ್ನು ನಕಲು ಮಾಡಿ ಅಚ್ಚು ಕೆತ್ತಿಸುವುದಂತೂ ಕೂಡದು. ಅಬೊರಿಜಿನಲ್ ಕಲಾವಿದ ಜಾನ್ ಬುಲುನ್ ಬುಲುನ್ ಅವರ ಚಿತ್ರವನ್ನು ಕದ್ದು ಅಚ್ಚು ಹಾಕಿದ ಬಟ್ಟೆಯ ಮೇಲೆಯೇ ಆಸ್ಟ್ರೇಲಿಯಾದ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ನಡೆದು 1998ರಲ್ಲಿ ತೀರ್ಪು ಬಂತು. ಕಲಾವಿದರಿಗೆ ಹಕ್ಕಿನ ಜೊತೆಗೆ ತಮ್ಮ ಕುಲದ ಬಗೆಗೆ ಹೊಣೆಯೂ ಇದೆ ಎಂದು ಕೋರ್ಟು ಒಪ್ಪಿತು.

ಹೆಸರಿರುವ ಅಂಚನ್ನು ಎಸೆಯಬೇಡಿ. ಹತ್ತು ಸೆಂ.ಮೀ. ಕತ್ತರಿಸಿ ಪಕ್ಕದ ಹೊಲಿಗೆಯ ಒಳಗೆ ಲೇಬಲ್ಲಿನಂತೆ ಸೇರಿಸುತ್ತೇನೆ, ಎರಡು ತುದಿಗೆ ಮಾತ್ರ ಹೊಲಿಗೆ. ಅಂಚು ಮೈಬಟ್ಟೆಯಷ್ಟೇ ಕುಗ್ಗುವುದಿಲ್ಲ; ಸುತ್ತಲೂ ಹೊಲಿದರೆ ಪಕ್ಕ ಸುಕ್ಕು ಹಿಡಿಯುತ್ತದೆ.